ಸಾಹೇಬ್ರು ಬಂದ್ರಷ್ಟೇ ಕೆಲಸ

ಹಬ್ಬಕ್ಕೆ ಸಂತಪುರಕ್ಕೆ ಬರುವ ಬೆಂಗಳೂರಿನ ಇಂಜಿನಿಯರುಗಳ ಭಾಷಣ ಬಸ್ ಸ್ಟ್ಯಾಂಡಿನಲ್ಲೇ ಶುರು. “ಈ ಕಡಿ ಸಾಹೇಬ್ರು ಬಂದ್ರಷ್ಟೇ ಕೆಲಸ ಆಗ್ತದ. ಜೀಪು ಔರಾದ್ ರಸ್ತಾ ಹಿಡೀತೋ, ಎಲ್ಲಾ ಬಂದ್.” ಸರಿಯಪ್ಪಾ, ಒಪ್ಪಿದೆವು. ಈಗ ನಿಮ್ಮ ಕೋಡ್ ತೆಗೆಯಿರಿ, ಅಲ್ಲೂ ಇದೇ ಕಥೆ.

ಸಿ ಭಾಷೆಯಲ್ಲಿ ಅಸರ್ಟ್ ಎಂಬುದೊಂದಿದೆ. ಇದು ನಿಜವಾಗಿರಲೇಬೇಕು, ಇಲ್ಲವಾದರೆ ಪ್ರೋಗ್ರಾಂ ಇಲ್ಲೇ ನಿಲ್ಲಲಿ ಎಂದು ಬರೆದಿಡುವ ಕಾವಲು ಸಾಲು. ತಪ್ಪು ಹುಡುಕುವಾಗ ಅದಕ್ಕೆ ಜೀವ. ಗ್ರಾಹಕನಿಗೆ ಕೊಡುವಾಗ ‘ಎನ್‌ಡಿಬಗ್’ ಎಂಬ ಸೂಚನೆ ಹಾಕಿದರೆ ಅದು ಮಾಯ. ಬರೀ ಬಾಯಿ ಮುಚ್ಚುವುದಲ್ಲ, ಆವರಣದೊಳಗೆ ಬರೆದದ್ದೂ ಅದರ ಜೊತೆಗೇ ಅಳಿದುಹೋಗುತ್ತದೆ.

ನಮ್ಮ ಜಾಣರು ಆ ಆವರಣದೊಳಗೇ ಕೆಲಸ ತುರುಕುತ್ತಾರೆ. ಫೈಲ್ ತೆರೆಯುವುದು ಅಲ್ಲೇ. ಎಣಿಕೆ ಏರಿಸುವುದು ಅಲ್ಲೇ. ಹಣ ಜಮಾ ಮಾಡುವ ಫಂಕ್ಷನ್ ಕರೆಯುವುದೂ ಅಲ್ಲೇ. ಒಂದು ಸಾಲು ಉಳಿಯಿತಂತೆ! ಪರೀಕ್ಷೆಯಲ್ಲಿ ಎಲ್ಲ ಪಾಸ್. ಚಪ್ಪಾಳೆ, ಕೇಕು. ಬಿಡುಗಡೆಯಾದ ಮೇಲೆ ಫೈಲ್ ತೆರೆಯದು, ಎಣಿಕೆ ಏರದು, ಹಣ ಜಮಾ ಆಗದು. ಕೂಗಿ ಹೇಳಬೇಕಾಗಿದ್ದ ಸಾಲೂ ಅದೇ. ಅದೂ ಇಲ್ಲ.

ತನಿಖೆ ಇನ್ನೂ ಚೆಂದ. ದೂರು ಬಂತೆಂದು ಡಿಬಗ್ ಬಿಲ್ಡ್ ಮಾಡಿ ಓಡಿಸುತ್ತಾರೆ. ಅಸರ್ಟ್ ಮರಳುತ್ತದೆ, ಜೊತೆಗೆ ಕೆಲಸವೂ. “ನನ್ನ ಮಷಿನಿನಲ್ಲಿ ಸರಿಯಿದೆ.” ದೂರು ಮುಕ್ತಾಯ. ತಪ್ಪಿತಸ್ಥ ಗ್ರಾಹಕ.

ಗೊತ್ತಿರಲಿಲ್ಲ ಅನ್ನಬೇಡಿ. ಲಿನಕ್ಸ್ ಕೈಪಿಡಿಯ ಅಸರ್ಟ್ ಪುಟದಲ್ಲಿ, ‘ಬಗ್ಸ್’ ಎಂಬ ತಲೆಬರಹದ ಕೆಳಗೇ ಈ ಎಚ್ಚರಿಕೆ ಇದೆ. ದೊಡ್ಡ ಪುಟವೇನಲ್ಲ. ಓದುವವರು ಯಾರು? ಭಾಲ್ಕಿಯಲ್ಲಿ ಕಲಿತವರೂ ಅಷ್ಟೇ, ಬಾಸ್ಟನ್ನಿನಲ್ಲಿ ಕಲಿತವರೂ ಅಷ್ಟೇ.

ಸಿ ಬಿಟ್ಟು ಓಡಿದರೂ ಪಾರಿಲ್ಲ. ಪೈಥಾನ್‌ಗೆ ‘ಮೈನಸ್ ಓ’ ಕೊಟ್ಟರೆ ಅಸರ್ಟ್ ಗಾಯಬ್. ಜಾವಾ 2002ರಲ್ಲಿ 1.4ನೇ ಆವೃತ್ತಿಯೊಂದಿಗೆ ಅಸರ್ಟ್ ತಂದಿತು. ಅಲ್ಲಂತೂ ನೀವಾಗಿ ಚಾಲೂ ಮಾಡದಿದ್ದರೆ ಅದು ಬಂದ್ ಆಗಿಯೇ ಇರುತ್ತದೆ. ಸಿಯಲ್ಲೇ ಉಳಿದು ಜಿಸಿಸಿ ಜೊತೆ ಸಿಮೇಕ್ ಬಳಸಿದರೆ ರಿಲೀಸ್ ಬಿಲ್ಡಿಗೆ ಎನ್‌ಡಿಬಗ್ ತಾನಾಗಿಯೇ ಸೇರುತ್ತದೆ. ಕಾವಲು ತೆಗೆದವರು ನೀವೇ ಎಂಬುದು ನಿಮಗೇ ತಿಳಿದಿರುವುದಿಲ್ಲ.

ಮದ್ದು ಎರಡೇ ಸಾಲು. ಮೊದಲ ಸಾಲಿನಲ್ಲಿ ಕೆಲಸ ಮಾಡಿ, ಬಂದ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿಡಿ. ಎರಡನೆಯದರಲ್ಲಿ ಅಸರ್ಟ್ ಅದನ್ನು ನೋಡಲಿ, ಮುಟ್ಟದಿರಲಿ. ಫೈಲು, ನೆಟ್‌ವರ್ಕು ಕೈಕೊಡುವುದು ದಿನನಿತ್ಯದ ಮಾತು. ಅದಕ್ಕೆ ಅಸರ್ಟ್ ಸಾಲದು, ಎಂದೂ ಅಳಿಯದ ಒಂದು ‘ಇಫ್’ ಬೇಕು. ಮತ್ತು ಗ್ರಾಹಕನಿಗೆ ಕೊಡುವ ಬಿಲ್ಡನ್ನೇ ಪರೀಕ್ಷಿಸಿ. ಈಗ ನೀವು ಪಾಸ್ ಮಾಡುತ್ತಿರುವುದು ಅವನ ಕೈಗೆ ಎಂದೂ ತಲುಪದ ಪ್ರೋಗ್ರಾಮನ್ನು.