ಖಾತಾರಹಿತ ಮರುಪಾವತಿ ಮೀಮಾಂಸೆ

ಲಕ್ಷಣ

ಸರ್ಕಾರಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಾಗಿ ಸಂದ ಆದಾಯ ತೆರಿಗೆ, ಕೊಟ್ಟವನಿಗೇ ಮರಳುವುದಕ್ಕೆ ಮರುಪಾವತಿ ಎಂದು ಹೆಸರು. ಲೋಕರೂಢಿಯಲ್ಲಿ ಇದು ರಿಫಂಡ್. 2026ರ ಮಾರ್ಚ್ 31ರವರೆಗಿನ ಆದಾಯದ ಮಟ್ಟಿಗೆ 1961ರ ಆದಾಯ ತೆರಿಗೆ ಕಾಯ್ದೆಯ 237ನೇ ಕಲಮು ಇದಕ್ಕೆ ಮೂಲಸೂತ್ರ. (ಮುಂದೆ ಬರುವ ಕಲಮುಗಳೂ ಅದೇ ಕಾಯ್ದೆಯವು.) ಕಟ್ಟಿದ ತೆರಿಗೆ ಕಟ್ಟಬೇಕಾದ್ದನ್ನು ಮೀರಿದೆಯೆಂದು ಅಧಿಕಾರಿಗೆ ಮನವರಿಕೆಯಾದರೆ ಹೆಚ್ಚುವರಿ ಹಣ ಹಿಂದಿರುಗಬೇಕೆಂದು ಸೂತ್ರ ಹೇಳುತ್ತದೆ. ಬ್ಯಾಂಕ್ ಖಾತೆಯ ಮಾತು ಸೂತ್ರದಲ್ಲಿಲ್ಲ. ಅದು ಪ್ರಯೋಗದಲ್ಲಿ ಸೇರಿಕೊಂಡದ್ದು.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಬೇಕೆಂಬುದು ಹಿರಿಯರ ಮತ. ಅದರಂತೆ, ಇಲ್ಲಿ ವಿಷಯ ರಿಫಂಡು. ಅಧಿಕಾರಿ, ಅಂದರೆ ಓದಲು ಅರ್ಹನಾದವನು, ಸ್ವಂತ ಖಾತೆಯಿಲ್ಲದ ತೆರಿಗೆದಾರ. ಇವೆರಡಕ್ಕೂ ಇರುವ ಸಂಬಂಧ ವಿರಹ. ಪ್ರಯೋಜನ ಸಿದ್ಧಾಂತ ಭಾಗದಲ್ಲಿ ತಿಳಿಯುತ್ತದೆ.

ಅಭಾವದ ವಿಧಗಳು

ತಾರ್ಕಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಖಾತೆಯ ಅಭಾವಕ್ಕೂ ಈ ವಿಂಗಡಣೆ ಲೋಪವಿಲ್ಲದೆ ಹೊಂದುತ್ತದೆ.

ಪ್ರಾಗಭಾವ: ಖಾತೆಯನ್ನು ಇನ್ನೂ ತೆರೆದಿಲ್ಲ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಬಂದ ಮೇಲೆ ಈ ವರ್ಗ ಕ್ಷೀಣಿಸಿದೆ, ನಿರ್ವಂಶವಾಗಿಲ್ಲ.

ಪ್ರಧ್ವಂಸಾಭಾವ: ಖಾತೆಯಿತ್ತು, ಈಗಿಲ್ಲ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ; ಹತ್ತು ವರ್ಷವಾದರೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಮುಚ್ಚಿಹೋದ ಖಾತೆಗೆ ಹೊರಟ ರಿಫಂಡು ವಿಳಾಸ ಸಿಗದ ಅಂಚೆಯಂತೆ ವಾಪಸಾಗುತ್ತದೆ.

ಅನ್ಯೋನ್ಯಾಭಾವ: ಖಾತೆಯೂ ಇದೆ, ಮನುಷ್ಯನೂ ಇದ್ದಾನೆ, ಆದರೆ ಇದು ಅವನದಲ್ಲ, ಅವನು ಇದರವನಲ್ಲ. ಕರ್ನಾಟಕದಲ್ಲಿ ಈ ಪ್ರಭೇದ ಹುಲುಸಾಗಿ ಬೆಳೆದಿದೆ. ಪಾಸ್‌ಬುಕ್ಕಿನಲ್ಲಿ ಊರಿಗೊಂದು ತಂದೆಗೊಂದು ಇನಿಶಿಯಲ್ ಇಟ್ಟುಕೊಂಡು ಸುಖವಾಗಿದ್ದವನು, ಇನಿಶಿಯಲ್ ಒಪ್ಪದ ಪ್ಯಾನ್ ಅರ್ಜಿಗಾಗಿ ಊರನ್ನೂ ತಂದೆಯನ್ನೂ ಪೂರ್ತಿ ಬಿಡಿಸಿ ಬರೆಯುತ್ತಾನೆ. ಅಂದಿನಿಂದ ಅವನು ಇಬ್ಬರು. ರಿಫಂಡು ಬರಬೇಕಾದ ಖಾತೆಯನ್ನು ಮೊದಲೇ ದೃಢೀಕರಿಸುವ ಗಣಕಕ್ಕೆ ಅದ್ವೈತವೊಂದೇ ಸಮ್ಮತ.

ಅತ್ಯಂತಾಭಾವ: ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಬೇಡ. ಕೈಯಲ್ಲಿ ಎಣಿಸಿದ್ದಷ್ಟೇ ದುಡ್ಡು ಎಂಬ ನಿಷ್ಠೆಯವರು ಈ ವರ್ಗದವರು.

ಪೂರ್ವಪಕ್ಷಗಳು

ಮೊದಲ ಆಕ್ಷೇಪ: ಖಾತೆಯೇ ಇಲ್ಲದವನಿಂದ ತೆರಿಗೆ ಹೇಗೆ ಹೋಯಿತು? ಸಮಾಧಾನ: ಹೋಗುವುದಕ್ಕೆ ಖಾತೆ ಬೇಕಿಲ್ಲ. ದಿನಕ್ಕೆ 10,000 ರೂಪಾಯಿ ಮೀರದಂತೆ ನಗದು ಪಡೆಯುವ ಸಣ್ಣ ಗುತ್ತಿಗೆದಾರನನ್ನು ಗಮನಿಸಬಹುದು. ವರ್ಷದ ಒಟ್ಟು ಮೊತ್ತ ಲಕ್ಷ ದಾಟಿದರೆ 194ಸಿ ಕಲಮಿನಂತೆ ಶೇ 1ರಷ್ಟು ಟಿಡಿಎಸ್ ಮುರಿದುಕೊಳ್ಳಲಾಗುತ್ತದೆ. ಮುರಿಯುವಾಗ ಪ್ಯಾನ್ ಕೇಳುತ್ತಾರೆ, ಪಾಸ್‌ಬುಕ್ ಕೇಳುವುದಿಲ್ಲ. ತಾನೇ ಹೋಗಿ ಕಟ್ಟುವವನು ಬ್ಯಾಂಕಿನ ಕೌಂಟರಿನಲ್ಲಿ ಚಲನ್ ಒಂದಕ್ಕೆ 10,000 ರೂಪಾಯಿವರೆಗೆ ನಗದನ್ನೇ ಕೊಡಬಹುದು. ಸರ್ಕಾರದ ಕಡೆಗೆ ಹರಿಯುವ ಹಣಕ್ಕೆ ಹಲವು ಕಾಲುವೆ, ಅಲ್ಲಿಂದ ಮರಳುವುದಕ್ಕೆ ಒಂದೇ ತೂಬು ಎಂಬುದು ಈ ಶಾಸ್ತ್ರದ ಪ್ರಥಮ ನಿಯಮ.

ಎರಡನೆಯ ಆಕ್ಷೇಪ: ಚೆಕ್ ಕಳಿಸಬಾರದೇ? ಸಮಾಧಾನ: ಹಿಂದೆ ಕಳಿಸುತ್ತಿದ್ದರು. ಆದರೆ ಅದು ಅಕೌಂಟ್ ಪೇಯಿ ಚೆಕ್. ಹೆಸರಿದ್ದವನ ಖಾತೆಗಲ್ಲದೆ ಬೇರೆಡೆ ಜಮಾ ಆಗದು. ಆದ್ದರಿಂದ ಖಾತಾರಹಿತನಿಗೆ ಅದು ದರ್ಶನಮಾತ್ರದಿಂದ ಪುಣ್ಯ ಕೊಡುವ ವಸ್ತುವಾಗಿತ್ತು. 2019ರ ಮಾರ್ಚ್ 1ರಿಂದ ರಿಫಂಡು ನೇರವಾಗಿ ಪ್ಯಾನ್ ಜೋಡಣೆಯಾದ ಖಾತೆಗೇ ಬರುತ್ತಿರುವುದರಿಂದ ದರ್ಶನವೂ ತಪ್ಪಿದೆ.

ಮೂರನೆಯ ಆಕ್ಷೇಪ: ಭಾವಮೈದುನನ ಖಾತೆ ಇದೆಯಲ್ಲ? ಸಮಾಧಾನ: ಇದೆ, ಆದರೆ ಅದಕ್ಕೆ ಜೋಡಿಸಿರುವುದು ಭಾವಮೈದುನನ ಪ್ಯಾನ್. ಹೆಂಡತಿ, ಮಗ, ಮನೆ ಮಾಲೀಕ ಇವರ ಖಾತೆಗಳಿಗೂ ಇದೇ ನ್ಯಾಯ.

ಅಪವಾದಗಳು

ಅಪವಾದ ಎರಡು. ಮೊದಲನೆಯದು 238ನೇ ಕಲಮಿನದು: ಮರಣ, ಅಸಮರ್ಥತೆ, ದಿವಾಳಿತನ ಮೊದಲಾದ ಕಾರಣಗಳಿಂದ ಒಬ್ಬನು ತಾನೇ ರಿಫಂಡು ಕೇಳಲಾರದಾದರೆ ಅವನ ಕಾನೂನುಬದ್ಧ ಪ್ರತಿನಿಧಿ, ಪಾಲಕ ಇತ್ಯಾದಿ ಜನ ಕೇಳಬಹುದು. ಬದುಕಿರುವ ಖಾತಾರಹಿತನಿಗಿಂತ ತೀರಿಕೊಂಡ ಖಾತಾರಹಿತನ ದಾರಿ ಸುಗಮವೆಂದು ಇದರಿಂದ ಅನುಮಾನಿಸಬಹುದು. ಈ ಉಪಾಯವನ್ನು ಯಾವ ಲೆಕ್ಕಪರಿಶೋಧಕರೂ ಸೂಚಿಸುವುದಿಲ್ಲ.

ಎರಡನೆಯದು ಅನಿವಾಸಿಗಳದು. ಭಾರತದಲ್ಲಿ ಖಾತೆಯಿಲ್ಲದ ಅನಿವಾಸಿಯು ರಿಟರ್ನಿನಲ್ಲಿ ವಿದೇಶಿ ಖಾತೆಯೊಂದರ ವಿವರ ಕೊಡಲು ಅವಕಾಶವಿದೆ. ಹೀಗಾಗಿ ಡಲ್ಲಾಸಿನಲ್ಲಿ ನೆಲೆಸಿ ಭಾರತದಲ್ಲಿ ಖಾತೆಯಿಲ್ಲದ ಕನ್ನಡಿಗನಿಗೆ ನಮೂನೆಯಲ್ಲಿ ಜಾಗವಿದೆ. ಹಾಸನದಲ್ಲೇ ಇದ್ದು ಖಾತೆಯಿಲ್ಲದ ಕನ್ನಡಿಗನಿಗಿಲ್ಲ. ಇಬ್ಬರ ರಿಟರ್ನನ್ನೂ ಸಂಸ್ಕರಿಸುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣ ಕೇಂದ್ರವೇ. ಹಾಸನದಿಂದ ಅದು ಕೆಲವೇ ಗಂಟೆಗಳ ಬಸ್ ಪ್ರಯಾಣ. ಆದರೆ ಸಾಮೀಪ್ಯದಿಂದ ಸಾಯುಜ್ಯ ಸಿದ್ಧಿಸದು.

ಕಾಲವಿಚಾರ

ತಡವಾದ ರಿಫಂಡಿಗೆ 244ಎ ಕಲಮು ತಿಂಗಳಿಗೆ ಶೇ 0.5ರ ಬಡ್ಡಿ ಕೊಡುತ್ತದೆ. ತಿಂಗಳ ತುಣುಕೂ ಪೂರ್ತಿ ತಿಂಗಳೇ. ಇದನ್ನೋದಿದ ಖಾತಾರಹಿತನು, ಸರ್ಕಾರದಲ್ಲೇ ಇರಲಿ, ಬೆಳೆಯಲಿ ಎಂದು ಹಿಗ್ಗುವುದುಂಟು. ಅದೇ ಕಲಮಿನ ಎರಡನೇ ಉಪಕಲಮು ಆ ಹಿಗ್ಗನ್ನು ಇಳಿಸುತ್ತದೆ: ತೆರಿಗೆದಾರನಿಂದಾದ ವಿಳಂಬದ ಕಾಲಕ್ಕೆ ಬಡ್ಡಿಯಿಲ್ಲ. ಖಾತೆ ತೆರೆಯದೆ ಕುಳಿತದ್ದು ಯಾರ ವಿಳಂಬವೆಂಬ ವಾದದಲ್ಲಿ ಅವನು ಗೆಲ್ಲುವುದು ಕಷ್ಟ. ಬಡ್ಡಿ ದೊರೆತರೂ ಅದು ಇತರ ಮೂಲಗಳ ಆದಾಯವಾಗಿ ಮುಂದಿನ ತೆರಿಗೆಗೆ ಬೀಜವಾಗುತ್ತದೆ.

ಸಿದ್ಧಾಂತ

ಖಾತೆ ತೆರೆಯುವುದೇ ಪರಿಹಾರ. ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆ ಎಲ್ಲ ಬ್ಯಾಂಕುಗಳಲ್ಲೂ ಉಂಟು. ಗುರುತಿಗೆ ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ನರೇಗಾ ಜಾಬ್ ಕಾರ್ಡ್ ಮುಂತಾದವು ನಡೆಯುತ್ತವೆ. ತೆರಿಗೆ ಇಲಾಖೆಯೇ ಕೊಟ್ಟ ಪ್ಯಾನ್ ಕಾರ್ಡ್ ಆ ಪಟ್ಟಿಯಲ್ಲಿಲ್ಲ. ಯಾವ ದಾಖಲೆಯೂ ಇಲ್ಲದವನು ಬ್ಯಾಂಕ್ ಅಧಿಕಾರಿಯ ಎದುರು ಸಹಿ ಹಾಕಿ ಅಥವಾ ಹೆಬ್ಬೆಟ್ಟು ಒತ್ತಿ ‘ಸಣ್ಣ ಖಾತೆ’ ತೆರೆಯಬಹುದು. ಅದರಲ್ಲಿ ಶಿಲ್ಕು 50,000 ರೂಪಾಯಿ ಮೀರಬಾರದು, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯಬಾರದು. ಆದ್ದರಿಂದ ರಿಫಂಡಿಗೂ ಮಿತಿಯರಿತು ಬರುವ ವಿವೇಕ ಇರಬೇಕು.

ಖಾತೆ ತೆರೆದವನು ಅದಕ್ಕೆ ಪ್ಯಾನ್ ಜೋಡಿಸಿ, ಎರಡರಲ್ಲೂ ಹೆಸರು ಒಂದೇ ಇದೆಯೆಂದು ನೋಡಿ, ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ಖಾತೆಯನ್ನು ದೃಢೀಕರಿಸಿ, ಆಮೇಲೆ ರಿಟರ್ನ್ ಸಲ್ಲಿಸತಕ್ಕದ್ದು. ಮೊದಲ ಬಾರಿ ವಿಫಲವಾದ ರಿಫಂಡನ್ನು ಮರುಬಿಡುಗಡೆ ಮಾಡಲು ಅಲ್ಲೇ ಕೋರಬಹುದು. ಇಷ್ಟರಿಂದ ನಿರ್ಣಯವಾಗುವುದೇನೆಂದರೆ, ಖಾತಾರಹಿತನಿಗೆ ರಿಫಂಡು ನಿಶ್ಚಯವಾಗಿ ಸಿಗುತ್ತದೆ. ಅವನು ಖಾತಾರಹಿತನಾಗಿ ಉಳಿಯಬಾರದೆಂಬುದೊಂದೇ ಷರತ್ತು.