ಎಡಮಾಮನೂ ಅವರೆಕಾಯಿಯೂ

ನ್ಯೂಜೆರ್ಸಿಯ ನಮ್ಮ ಹಿತ್ತಲಿನಲ್ಲಿ ಅವರೆಕಾಯಿ ಬೆಳೆದೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ಒಂದು ಜನವರಿಯಲ್ಲಿ. ಇಂಥ ಪಣಕ್ಕೆ ಜನವರಿಯೇ ಸರಿ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಯಾರೂ ಗುದ್ದಲಿ ಹಿಡಿ ಎನ್ನುವುದಿಲ್ಲ. ಬೆಂಗಳೂರಿನಿಂದ ಅಕ್ಕ ಹಿದುಕವರೆ ಸಾರಿನ ಫೋಟೊ ಕಳಿಸಿದ್ದಳು. ಸಾರಿನ ಮೇಲೆ ತೇಲುತ್ತಿದ್ದ ತುಪ್ಪ ಕೂಡ ಕಾಣುತ್ತಿತ್ತು. ಹೊಟ್ಟೆಯ ಕಿಚ್ಚು ಹತ್ತಿದ್ದು ಆಗಲೇ.

ಮೇ ತಿಂಗಳಲ್ಲಿ ಇಂಡಿಯನ್ ಅಂಗಡಿಯ ಒಣ ಅವರೆಯಲ್ಲೇ ಒಂದು ಹಿಡಿ ತೆಗೆದು ಊರಿದೆ. ಬಳ್ಳಿ ಬಂತು ನೋಡಿ! ಬೇಲಿ ಹತ್ತಿತು, ಬೇಲಿ ಸಾಲದೆ ಪಕ್ಕದ ಮನೆಯ ಗ್ಯಾರೇಜಿಗೆ ಕೈ ಚಾಚಿತು. ಹೂ ಮಾತ್ರ ಇಲ್ಲ. ಜೂನ್ ಇಲ್ಲ, ಜುಲೈ ಇಲ್ಲ, ಆಗಸ್ಟ್ ಇಲ್ಲ. ಅಕ್ಟೋಬರಿನಲ್ಲಿ ಮನಸ್ಸು ಕರಗಿ ನಾಲ್ಕು ಗೊಂಚಲು ಬಿಟ್ಟಿತು. ಮುಂದಿನ ವಾರವೇ ಇಬ್ಬನಿ ಹೆಪ್ಪುಗಟ್ಟಿ ಇಡೀ ಬಳ್ಳಿ ಬೆಂದ ಸೊಪ್ಪಿನಂತೆ ಜೋತುಬಿತ್ತು.

ತಪ್ಪು ಬಳ್ಳಿಯದಲ್ಲ, ಸೂರ್ಯನದು. ನಾಟಿ ಅವರೆಗೆ ಹಗಲು ಕುಗ್ಗಿದರೇನೇ ಹೂ ಬಿಡುವ ಬುದ್ಧಿ. ಬೆಂಗಳೂರಿನಲ್ಲಿ ಎಂಥ ಬೇಸಿಗೆಯಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಜೂನಿನಲ್ಲಿ 15 ಗಂಟೆ. ಸೋಯಾ ಕೂಡ ಮೂಲದಲ್ಲಿ ಇದೇ ಜಾತಿಯ ಹಟಮಾರಿಯೆಂದು ಆಮೇಲೆ ಓದಿದೆ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು 'ಬಿಲಾಕ್ಸಿ' ಎಂಬ ಸೋಯಾವನ್ನು ಬೇರೆ ಬೇರೆ ದಿನ ಬಿತ್ತಿ ನೋಡಿದರು. ಮೊದಲು ಬಿತ್ತಿದ್ದು, ಕೊನೆಗೆ ಬಿತ್ತಿದ್ದು, ಎಲ್ಲವೂ ಮಾತಾಡಿಕೊಂಡ ಹಾಗೆ ಹೆಚ್ಚುಕಮ್ಮಿ ಒಟ್ಟಿಗೇ ಹೂ ಬಿಟ್ಟವು. ಗಿಡಗಳನ್ನು ಸಂಜೆಗೆ ಮುಂಚೆಯೇ ಕತ್ತಲೆಯ ಕೊಠಡಿಗೆ ದಬ್ಬಿದರೆ ಬೇಗ ಹೂ ಬರುತ್ತದೆಂದೂ ತೋರಿಸಿ, 1920ರಲ್ಲಿ ಅದನ್ನು ಪ್ರಕಟಿಸಿದರು. ಅದನ್ನೋದಿ ನನ್ನ ಅವರೆಗೂ ದಿನಾ ಐದು ಗಂಟೆಗೆ ಟಾರ್ಪಾಲು ಹೊದಿಸುವ ಯೋಜನೆ ಹಾಕಿದೆ. "ರೀ, ಪಕ್ಕದವರು ಪೊಲೀಸರಿಗೆ ಫೋನ್ ಮಾಡ್ತಾರೆ, ಅಷ್ಟೇ" ಎಂದಳು ಹೆಂಡತಿ. ಅಲ್ಲಿಗೆ ವಿಜ್ಞಾನ ಮುಗಿಯಿತು.

ಆಫೀಸಿನಲ್ಲಿ ನನ್ನ ಗೋಳು ಕೇಳಿದ್ದು ಜಪಾನಿನ ಸೆಂಡೈ ಕಡೆಯ ಸಹೋದ್ಯೋಗಿ. ಸೋಯಾದಲ್ಲೂ ಹಗಲಿನ ಲೆಕ್ಕವನ್ನು ಅಷ್ಟಾಗಿ ಹಚ್ಚಿಕೊಳ್ಳದ, ಬೇಗ ಬರುವ ತಳಿಗಳಿವೆ, ಹಸಿರಿರುವಾಗಲೇ ಕಿತ್ತು ತಿನ್ನುವ ಎಡಮಾಮೆ ಹಾಕು ಎಂದು ಒಂದು ಪೊಟ್ಟಣ ಬೀಜ ಕೊಟ್ಟರು. ಸೋಯಾ ಎಂದರೆ ನನಗೆ ಹಾಸ್ಟೆಲ್ ಮೆಸ್ಸಿನಲ್ಲಿ ನೆನೆದ ಸ್ಪಂಜಿನಂತೆ ತೇಲುತ್ತಿದ್ದ ಚಂಕ್ಸ್ ಮಾತ್ರ. ಆದರೂ ಕಾಳು ಕಾಳೇ ತಾನೆ?

ಅವಸರಕ್ಕೆ ಏಪ್ರಿಲಿನಲ್ಲೇ ಬಿತ್ತಿದೆ. ತಣ್ಣನೆಯ ಮಣ್ಣಿನಲ್ಲಿ ಬೀಜವೆಲ್ಲ ಕೊಳೆಯಿತು. ಮಣ್ಣು 15 ಡಿಗ್ರಿಯಾದರೂ ಬಿಸಿಯೇರಬೇಕು ಎಂದು ಸೆಂಡೈಯವರು ಆಮೇಲೆ ಹೇಳಿದರು. ಎರಡನೆಯ ಸಲ ಮೇ ಕೊನೆಯಲ್ಲಿ, ಬೀಜಕ್ಕೆ ಕಪ್ಪು ಪುಡಿಯೊಂದನ್ನು ಸವರಿ ಬಿತ್ತಿದೆ. ಅದು ರೈಜೋಬಿಯಂ ಬ್ಯಾಕ್ಟೀರಿಯಾ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಪುಣ್ಯಾತ್ಮರು. ಅಷ್ಟುಹೊತ್ತಿಗೆ ಆರು ತಿಂಗಳ ವೀಸಾದಲ್ಲಿ ಬಂದಿಳಿದಿದ್ದ ಅಮ್ಮ ಕಪ್ಪು ಮೆತ್ತಿದ ಬೀಜ ನೋಡಿ, "ದೃಷ್ಟಿಗೆ ಕಾಡಿಗೆ ಹಚ್ಚಿದ್ದೀಯಾ? ಒಳ್ಳೇದಾಯ್ತು" ಎಂದರು. ಹೆಸರು ಕೇಳಿ, "ಎಡಮಾಮನಾ? ಹಾಗಾದ್ರೆ ಬಲಮಾಮ ಎಲ್ಲೋ?" ಅಂದರು. ಜಪಾನಿ ಭಾಷೆಯಲ್ಲಿ 'ಎಡ' ಎಂದರೆ ಕೊಂಬೆ, 'ಮಾಮೆ' ಎಂದರೆ ಕಾಳು, ಕೊಂಬೆಯ ಸಮೇತ ಮಾರುವುದರಿಂದ ಆ ಹೆಸರು ಎಂದು ವಿವರಿಸಿದೆ. ಪ್ರಯೋಜನವಾಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಎಡಮಾಮನೇ.

ಆದರೂ ದೃಷ್ಟಿ ತಾಕಿತು. ಎರಡೆಲೆ ಬಿಟ್ಟ ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮೊಲಗಳು ಕತ್ತರಿಯಲ್ಲಿ ಕತ್ತರಿಸಿದಂತೆ ನುಣ್ಣಗೆ ಮೇಯ್ದುಹೋದವು. ಮೂರನೆಯ ಬಿತ್ತನೆಗೆ ಸುತ್ತ ತಂತಿಬಲೆ ಹಾಕಿದೆ. ಹೊರಗೆ ಮೊಲ, ಬಲೆಯ ಮೇಲಿಂದ ಕತ್ತು ಚಾಚುವ ಜಿಂಕೆ, ಒಳಗೆ ನಾನು. ಮೃಗಾಲಯದಲ್ಲಿ ಯಾರು ಯಾರನ್ನು ನೋಡಲು ಬಂದಿದ್ದಾರೆ ಎಂಬ ಅನುಮಾನ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಕಾಯಿ ತುಂಬಿತು. ಎಡಮಾಮನ ಗುಣವೆಂದರೆ ಕೊಡುವುದನ್ನು ಒಂದೇ ಸಲ ಕೊಟ್ಟುಬಿಡುತ್ತಾನೆ. ಕಾಳು ದುಂಡಗಾಗಿ ಸಿಪ್ಪೆ ಇನ್ನೂ ಹಸಿರಾಗಿರುವ ಆ ಕೆಲವೇ ದಿನಗಳಲ್ಲಿ ಕಿತ್ತರೆ ಸರಿ, ತಡವಾದರೆ ಹಳದಿ ತಿರುಗಿ ಬರೀ ಸೋಯಾಬೀನು. ಅಮ್ಮ ಒಂದು ಕಾಯಿ ಮುರಿದು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡರು.

"ಸೊಗಡೇ ಇಲ್ವಲ್ಲೋ! ಮೈ ತುಂಬ ಕೂದಲು ಬೇರೆ."

ಮಾಗಡಿ ಅವರೆ ಸುಲಿದರೆ ಬೆರಳಿಗೆ ಅಂಟಿದ ಸೊಗಡು ಸೋಪಿಗೂ ಜಗ್ಗುವುದಿಲ್ಲ. ಅಂಥ ಮೂಗಿನ ಮುಂದೆ ನಾನೇನು ವಾದಿಸಲಿ? ಸೆಂಡೈ ಪದ್ಧತಿಯಂತೆ ಕಾಯಿಯ ತುದಿಗಳನ್ನು ಕತ್ತರಿಸಿ, ಕೂದಲು ಉದುರುವಂತೆ ಉಪ್ಪಿನಲ್ಲಿ ತಿಕ್ಕಿ, ಲೀಟರಿಗೆ 40 ಗ್ರಾಂ ಲೆಕ್ಕದ ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ ಬಸಿದೆ. ಸೋಯಾವನ್ನು ಹಸಿಯಾಗಿ ತಿನ್ನುವಂತಿಲ್ಲ, ಜೀರ್ಣಕ್ಕೇ ಅಡ್ಡಗಾಲು ಹಾಕುತ್ತದೆ. ಸಿಪ್ಪೆಯನ್ನು ಹಲ್ಲಲ್ಲಿ ಹಿಡಿದು ಕಾಳೆಳೆದುಕೊಳ್ಳುವುದನ್ನು ತೋರಿಸಿಕೊಟ್ಟೆ. ಅಮ್ಮ ಒಂದು ಎಳೆದರು, ಎರಡು ಎಳೆದರು. "ಥೂ, ಇದು ಬೇಯಿಸಿದ ಕಡಲೆಕಾಯಿ ಕಣೋ! ಮೊದಲೇ ಹೇಳಬಾರದಾ?" ಎಂದವರು ಬಟ್ಟಲನ್ನು ಮಡಿಲಿಗೆ ಎಳೆದುಕೊಂಡರು. ಬಸವನಗುಡಿಯ ಪರಿಷೆಯಲ್ಲಿ ಕೂತ ಹಾಗೆ ಸಿಪ್ಪೆಯ ಗುಡ್ಡೆ ಬೆಳೆಯಿತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹಿದುಕಿದ ಬೇಳೆ ಮಾಡುವ ಹುಚ್ಚು ನನಗೆ. ರಾತ್ರಿ ನೆನೆಸಿದ ಅವರೆಯನ್ನು ಒತ್ತಿದರೆ ಕಾಳು ಪುಳಕ್ಕನೆ ಚಿಮ್ಮಿ ಎದುರಿಗೆ ಕೂತವರ ಕನ್ನಡಕಕ್ಕೆ ತಗುಲುತ್ತದೆ. ಎಡಮಾಮನ ಒಳಸಿಪ್ಪೆ ತೆಳ್ಳಗೆ, ಮೈಗಂಟಿದ ಒದ್ದೆ ಬನಿಯನ್ನಿನ ಹಾಗೆ. ಮೂವರು ಕೂತು ಎರಡು ಗಂಟೆ ಹಿದುಕಿ ಅರ್ಧ ಬಟ್ಟಲು ತೆಗೆದೆವು. ಅದನ್ನು ಹಾಕಿ ಕುದಿಸಿದ ಸಾರನ್ನು ಅಮ್ಮ ಅಂಗೈಗೆ ಹಾಕಿಕೊಂಡು ನೆಕ್ಕಿದರು. "ಸಾರು ಚೆನ್ನಾಗಿದೆ. ಅವರೆ ಎಲ್ಲಿ?"

ಸೆಂಡೈಯಲ್ಲಿ ಎಡಮಾಮೆಯನ್ನು ಅರೆದು ಸಕ್ಕರೆ ಕಲಸಿ, 'ಜುಂಡಾ' ಎಂದು ಅಕ್ಕಿಯ ಮೋಚಿಗೆ ಹಚ್ಚುತ್ತಾರೆ. ಅದನ್ನು ಕೇಳಿದ್ದೇ ತಡ, "ಹೂರಣ ಅನ್ನು ಮತ್ತೆ" ಎಂದು ಅಮ್ಮ ಸೆರಗು ಕಟ್ಟಿ ಎದ್ದರು. ಹಸಿರು ಕಾಳಿಗೆ ಬೆಲ್ಲ ಸೇರಿ ಬಂದ ಬಣ್ಣವನ್ನು ಊಟದ ಹೊತ್ತಿನಲ್ಲಿ ವರ್ಣಿಸಬಾರದು. ಒಬ್ಬಟ್ಟಿನೊಳಗೆ ಅಡಗಿದ್ದರಿಂದ ಮರ್ಯಾದೆ ಉಳಿಯಿತು. ಬೀಜ ಕೊಟ್ಟ ಋಣಕ್ಕೆ ಸಹೋದ್ಯೋಗಿಯನ್ನು ಊಟಕ್ಕೆ ಕರೆದಿದ್ದೆವು. ಅವರು ತುಪ್ಪ ಸವರಿದ ಮೂರು ಒಬ್ಬಟ್ಟು ಮುಗಿಸಿ, ಒಳಗಿರುವುದು ಯಾವ ಭಾರತೀಯ ಕಾಳು ಎಂದು ಬಹಳ ಗೌರವದಿಂದ ಕೇಳಿದರು.

ಅಮ್ಮ ನವೆಂಬರಿನಲ್ಲಿ ಹೊರಟುಹೋದರು. ಜನವರಿಯ ಒಂದು ಬೆಳಿಗ್ಗೆ ವಿಡಿಯೋ ಕಾಲ್ ಬಂತು. ಅವರೆಯ ರಾಶಿಯ ಮುಂದೆ ನಿಂತಿದ್ದರು, ಹಿಂದೆ ಜನಜಂಗುಳಿ. ಒಂದು ಕಾಯಿ ಮುರಿದು ಫೋನಿನ ಮೂತಿಗೇ ಹಿಡಿದರು. ಪರದೆಯೆಲ್ಲ ಹಸಿರಾಯಿತು.

"ಸೊಗಡು ಬರ್ತಿದೆಯೇನೋ?"

"ಬರ್ತಿದೆ ಅಮ್ಮಾ" ಎಂದೆ. ನನ್ನ ಬೆನ್ನ ಹಿಂದೆ, ಫ್ರೀಜರಿನಿಂದ ಈಗತಾನೆ ಎದ್ದುಬಂದ ಎಡಮಾಮ ಮೈಕ್ರೋವೇವಿನಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ.