ಜನಪ್ರತಿನಿಧಿಗಳ ಗೃಹದೀಪ ಮೀಮಾಂಸೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಆಧರಿಸಿದ ಅಂತರ್‌ಶಿಸ್ತೀಯ ಅಧ್ಯಯನ

ಜನಪ್ರತಿನಿಧಿಯ ಮನೆಯಲ್ಲಿ ಉರಿಯುವ ದೀಪಗಳಿಗೂ ಆತ ವಿಶ್ವ ಪರಿಸರ ದಿನದಂದು ವೇದಿಕೆಯ ಮೇಲೆ ಮಾಡುವ ಭಾಷಣಕ್ಕೂ ಇರುವ ಸಂಬಂಧವನ್ನು ಪ್ರಸ್ತುತ ಪ್ರಬಂಧವು ‘ದೀಪದ್ವೈತ’ವೆಂಬ ಪರಿಕಲ್ಪನಾತ್ಮಕ ಚೌಕಟ್ಟಿನಲ್ಲಿಟ್ಟು ಪರಿಶೀಲಿಸುತ್ತದೆ. ದೀಪದ್ವೈತವೆಂದರೆ, ತನ್ನ ಮನೆಯ ಕರೆಂಟೂ ಪರರ ಮನೆಯ ಕರೆಂಟೂ ಒಂದೇ ತಂತಿಯಲ್ಲಿ ಹರಿದು ಬಂದರೂ ತತ್ತ್ವತಃ ಬೇರೆ ಬೇರೆ ಪದಾರ್ಥಗಳು, ಮೊದಲನೆಯದು ಜನಸೇವೆ, ಎರಡನೆಯದು ಭೂಮಿಯ ಮೇಲಿನ ಹೊರೆ, ಎಂದು ಸಾರುವ ದರ್ಶನ. ವಿಚಾರಸಂಕಿರಣಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮುನ್ನ ಓದಲಾಗುವ ಪ್ರಬಂಧಗಳ ಪರಂಪರೆಯನ್ನು ಗೌರವಿಸಿ ಇಲ್ಲಿಯೂ ಸಂಕಥನ, ಯಜಮಾನಿಕೆ, ಅಂಚು, ಅನನ್ಯತೆ ಎಂಬ ಮಾತುಗಳನ್ನು ಅಲ್ಲಲ್ಲಿ ಬಳಸಬೇಕಾಗಿದ್ದು, ಬಳಸಲಾಗಿದೆಯೆಂದೇ ಓದುಗರು ಭಾವಿಸಿಕೊಳ್ಳತಕ್ಕದ್ದು.

ಈ ಸೀಮೆಯ ವಿದ್ಯುತ್ ಇತಿಹಾಸವು ‘ದೂರದೀಪ ನ್ಯಾಯ’ಕ್ಕೆ, ಅಂದರೆ ಹತ್ತಿರದಲ್ಲಿ ಹುಟ್ಟಿದ ಬೆಳಕು ದೂರದವರಿಗೆ ಮೊದಲು ಸಲ್ಲತಕ್ಕದ್ದೆಂಬ ನಿಯಮಕ್ಕೆ, ಉತ್ತಮ ನಿದರ್ಶನವಾಗಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು, 1905ರಲ್ಲಿ ಬೆಂಗಳೂರನ್ನು ಬೆಳಗಿತು. ಜಲಪಾತದ ಮಗ್ಗುಲಲ್ಲೇ ಇದ್ದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು.

ಗೃಹದೀಪವು ಅಧಿಕಾರದೀಪ, ಅನುಗ್ರಹದೀಪ, ಆಶ್ವಾಸನದೀಪ, ಅಭಾವದೀಪ ಎಂದು ನಾಲ್ಕು ವಿಧ. ಪದವಿಯ ಬಲದಿಂದ ತಾನೇ ತಾನಾಗಿ ಉರಿಯುವುದು ಅಧಿಕಾರದೀಪ. ಸಂಸತ್ ಸದಸ್ಯರ ವಸತಿ ಮತ್ತು ದೂರವಾಣಿ ಸೌಲಭ್ಯಗಳ ನಿಯಮಗಳು ಕೂಡ, ಕಾಕತಾಳೀಯವೆಂಬಂತೆ, 1956ರವೇ. ಕಾಲಕಾಲಕ್ಕೆ ತಿದ್ದುಪಡಿಗೊಂಡ ಅವುಗಳ ಪ್ರಕಾರ ಪ್ರತಿ ಸಂಸದರಿಗೂ ವರ್ಷಕ್ಕೆ 50,000 ಯೂನಿಟ್ ವಿದ್ಯುತ್ತು ಉಚಿತವಾಗಿದ್ದು, ಖರ್ಚಾಗದೆ ಉಳಿದದ್ದು ಮುಂದಿನ ವರ್ಷದ ಲೆಕ್ಕಕ್ಕೆ ಜಮೆಯಾಗುತ್ತದೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬೊಂದನ್ನು ದಿನಕ್ಕೆ ಐದು ಗಂಟೆ ಉರಿಸುವ ಮನೆಗೆ ಇಷ್ಟು ವಿದ್ಯುತ್ತು ಮೂರು ಸಾವಿರ ವರ್ಷ ದಾಟಿಯೂ ಬರುತ್ತದೆ, ಅಂದರೆ ಮಾದಪ್ಪನು, ಅಂದರೆ ಮಲೆಮಹದೇಶ್ವರನು, ಬೆಟ್ಟಕ್ಕೆ ಬರುವುದಕ್ಕೆ ಎಷ್ಟೋ ಮುಂಚೆ ಹಚ್ಚಿದ ದೀಪ ಇಂದಿಗೂ ಉರಿಯುತ್ತಿರಬಹುದಾಗಿತ್ತು.

ಸರ್ಕಾರವು ಪ್ರಜೆಗೆ ದಯಪಾಲಿಸುವುದು ಅನುಗ್ರಹದೀಪ, ಲೋಕರೂಢಿಯಲ್ಲಿ ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್ ಎಂದು ಫಲಕಗಳು ಸಾರಿದರೂ, ಒಂದು ಮನೆಗೆ ನಿಜವಾಗಿ ಸಲ್ಲುವುದು ಆ ಮನೆಯ ಹಿಂದಿನ ವರ್ಷದ ಸರಾಸರಿಯ ಜೊತೆಗೆ ಶೇಕಡಾ 10 ಮಾತ್ರ. ಆದುದರಿಂದ ತಿಂಗಳಿಗೆ 30 ಯೂನಿಟ್‌ನಲ್ಲಿ ಸಂಸಾರ ತೂಗಿಸಿದ ಹನೂರಿನ ಮನೆಗೆ ಮೊದಲಿಗೆ ಸಿಕ್ಕಿದ್ದು 33, ಧಾರಾಳವಾಗಿ 150 ಉರಿಸಿದ ಮನೆಗೆ 165. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾವಾರಿನ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರಲ್ಲಿ ತೀರ್ಮಾನವಾಯಿತಾದರೂ, ‘ಮಿತವ್ಯಯ ದಂಡ’ವೆಂದು ಕರೆಯಬಹುದಾದ ಮೂಲತತ್ತ್ವ ಹಾಗೆಯೇ ಉಳಿಯಿತು: ಸಂಸದರ ಉಳಿತಾಯ ಮುಂದಿನ ವರ್ಷಕ್ಕೆ ಕೂಡಿಕೊಳ್ಳುತ್ತದೆ, ಬಡವನ ಉಳಿತಾಯ ಅವನ ತಲೆಯ ಮೇಲಿನ ಮಿತಿಯಾಗಿ ಕೂರುತ್ತದೆ.

ಪಾಶ್ಚಾತ್ಯ ಪೂರ್ವಪಕ್ಷವನ್ನೂ ಇಲ್ಲಿ ಗಮನಿಸಬೇಕು. ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರ ಪರಿಸರ ಚಿತ್ರಕ್ಕೆ 2007ರ ಫೆಬ್ರವರಿಯಲ್ಲಿ ಆಸ್ಕರ್ ಬಂದ ಬೆನ್ನಿಗೇ, ಅವರ ನ್ಯಾಶ್‌ವಿಲ್ ಮನೆ ಹಿಂದಿನ ವರ್ಷ ಸುಮಾರು 2,21,000 ಯೂನಿಟ್ ಉರಿಸಿತೆಂದು ಟೆನೆಸಿಯ ಸಂಸ್ಥೆಯೊಂದು ಪ್ರಕಟಿಸಿತು. ತಾವು ಖರೀದಿಸುವುದು ಹಸಿರು ವಿದ್ಯುತ್ತೆಂದು ಗೋರ್ ಕಡೆಯವರು ಉತ್ತರಿಸಿದರು. ಪೂರ್ವಪಕ್ಷದ ದುರುದ್ದೇಶ ಏನೇ ಇರಲಿ, ಅಲ್ಲಿ ಒಂದು ಬಿಲ್ಲು ಬೀದಿಗೆ ಬಂದು ದೊಡ್ಡವರು ಅದಕ್ಕೆ ಜವಾಬು ಕೊಡಬೇಕಾಯಿತು.

ಇನ್ನು ಆಶ್ವಾಸನದೀಪ ಮತ್ತು ಅಭಾವದೀಪಗಳ ಲಕ್ಷಣ. ಕಂಬ ನೆಟ್ಟು ತಂತಿ ಎಳೆಯದೆ ಬಿಟ್ಟದ್ದು, ತಂತಿ ಎಳೆದು ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸದೆ ಬಿಟ್ಟದ್ದು ಎಂದು ಮೊದಲನೆಯದಕ್ಕೆ ಉಪಭೇದಗಳನ್ನು ಹೇಳಬಹುದಿತ್ತು. ಆದರೆ ಮಲೆಮಹದೇಶ್ವರ ಬೆಟ್ಟದ ಸಾಲಿನಲ್ಲಿರುವ ಇಂಡಿಗನತ್ತದ ಹೆಸರು ಬಂದಕೂಡಲೇ ವರ್ಗೀಕರಣದ ಹುಮ್ಮಸ್ಸು ಇಳಿದುಹೋಗುತ್ತದೆ. 2024ರ ಏಪ್ರಿಲ್ 26ರಂದು, ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ ಎಂದು ಆ ಊರಿನವರು ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದಾಗ ಗಲಭೆಯಾಗಿ ಮತಯಂತ್ರ ಒಡೆಯಿತು, ಜನ ಬಂಧನಕ್ಕೊಳಗಾದರು. ಮೂರೇ ದಿನದಲ್ಲಿ, ಅದೇ ಏಪ್ರಿಲ್ 29ರಂದು, ಅಲ್ಲಿ ಮರುಮತದಾನಕ್ಕೆ ಸಕಲ ಸಿದ್ಧತೆಯೂ ಆಯಿತು. ಮತಯಂತ್ರ ತಲುಪಲು ಮೂರು ದಿನ ಸಾಕಾಗುವ ಊರಿಗೆ ಒಂದು ತಂತಿ ತಲುಪಲು ದಶಕಗಳು ಸಾಲದೆ ಹೋದದ್ದೇಕೆ? ಮುಂದಿನ ವರ್ಷದ ಏಪ್ರಿಲ್ 24ರಂದು ರಾಜ್ಯದ ಸಚಿವ ಸಂಪುಟವೇ ಬೆಟ್ಟ ಹತ್ತಿ ಮಾದಪ್ಪನ ಸನ್ನಿಧಿಯಲ್ಲಿ ಸಭೆ ನಡೆಸಿತು.

ತಂತಿ ಎಳೆಯದಿರುವುದಕ್ಕೆ ಹೇಳುತ್ತ ಬಂದಿರುವ ಕಾರಣ ಕಾಡು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ, ಗ್ರಾಮಸಭೆ ಶಿಫಾರಸು ಮಾಡಿದರೆ, ಹೆಕ್ಟೇರಿಗೆ 75 ಮರ ಮೀರದೆ, ಒಂದು ಹೆಕ್ಟೇರಿನೊಳಗೆ, ಶಾಲೆ, ರಸ್ತೆ, ಕುಡಿಯುವ ನೀರಿನ ಜೊತೆಗೆ ವಿದ್ಯುತ್ ತಂತಿಗೂ ಅರಣ್ಯಭೂಮಿ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ಮೀರಿ ಅವಕಾಶ ಮಾಡಿದೆ. ಕಾಡಿನ ಕಾನೂನನ್ನು ‘ಇಲ್ಲ’ ಎನ್ನುವ ಪುಟದವರೆಗೆ ಮಾತ್ರ ಓದುವ ಈ ಅಭ್ಯಾಸಕ್ಕೆ ಯಾವ ಪಾರಿಭಾಷಿಕ ಪದವೂ ಬೇಡ, ಇದು ಶುದ್ಧ ಉಡಾಫೆ. ಯಳಂದೂರು ಸೀಮೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತರಗುಬೆಂಕಿ, ಅಂದರೆ ನೆಲದ ಒಣ ತರಗೆಲೆಗೆ ಇಡುವ ಬೆಂಕಿ, ಹಾಕಬೇಡಿರೆಂದರು, ಅವರು ನಿಲ್ಲಿಸಿದರು; ಲಂಟಾನ ಕಾಡನ್ನು ಮುಚ್ಚಿಕೊಂಡಿತು, ಅದರ ಫಲವನ್ನೂ ಅವರೇ ಉಂಡರು. ಪರಿಸರದ ಹೊಣೆಯನ್ನು ಹೊತ್ತವರು ಯಾರೆಂಬುದಕ್ಕೆ ಬೇರೆ ಸಮೀಕ್ಷೆ ಬೇಕಿಲ್ಲ. ಕತ್ತಲಾದೊಡನೆ ಆನೆ ಬರುವ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಅಂಗಳಕ್ಕೊಂದು ಒಂಬತ್ತು ವ್ಯಾಟಿನ ಬಲ್ಬು ಬೇಕಾಗುತ್ತದೆ. ಅದು ಇರುಳು ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಆಗುವ ಖರ್ಚು ಮೂರೂಕಾಲು ಯೂನಿಟ್.